100 ನ್ಯಾನೊಸೆಕೆಂಡ್ ಸಂದಿ ಅಳೆಯಲು ಯಾವುದು ವಾಸಿ: ಕೆಪಾಸಿಟರ್, ಎಫ್‌ಪಿಜಿಎ, ಟಿಡಿಸಿ ಚಿಪ್

10 ಮೆಗಾಹರ್ಟ್ಸ್ ಕ್ಲಾಕ್‌ನಿಂದ ಎಣಿಸುವ ಕೌಂಟರ್‌ಗೆ 100 ನ್ಯಾನೊಸೆಕೆಂಡ್‌ಗಿಂತ ಸಣ್ಣದು ಕಾಣುವುದಿಲ್ಲ. ಪಲ್ಸ್ ಎರಡು ಟಿಕ್‌ಗಳ ನಡುವೆ ಎಲ್ಲಿ ಬಂತು ಅನ್ನೋದನ್ನು ಹೇಳಲು ಇಂಟರ್‌ಪೋಲೇಟರ್ ಬೇಕು. ನಡುವಿನ ಉದ್ದವನ್ನು ಕ್ಲಾಕ್ ಎಣಿಸಲಿ, ಎರಡೂ ತುದಿಯ ಚೂರುಗಳನ್ನು ಮಾತ್ರ ಬೇರೆ ಅಳೆಯೋಣ ಎಂಬ ದಾರಿಯನ್ನು ರೊನಾಲ್ಡ್ ನಟ್ 1968ರಲ್ಲೇ ವಿವರಿಸಿದ್ದರು. ಆ ಚೂರನ್ನು ಅಳೆಯುವ ಮೂರು ಬಗೆಗಳನ್ನು ಮನೆಯಲ್ಲೇ ಕಟ್ಟಿ ನೋಡಿದೆ: ಕೆಪಾಸಿಟರ್, ಎಫ್‌ಪಿಜಿಎ (ಒಳಗಿನ ಲಾಜಿಕ್ಕನ್ನು ನಾವೇ ಜೋಡಿಸಿಕೊಳ್ಳುವ ಚಿಪ್), ಟಿಡಿಸಿ (ಕಾಲವನ್ನು ನೇರ ಅಂಕಿಯಾಗಿಸುವ ಚಿಪ್).

ಪರೀಕ್ಷೆ ಸರಳ. ಒಂದೇ ಪಲ್ಸನ್ನು ಎರಡು ಮಾಡಿ, ಒಂದನ್ನು ನೇರ, ಇನ್ನೊಂದನ್ನು ಆರ್‌ಜಿ-58 ಕೇಬಲ್ ಸುತ್ತಿಸಿ ಕಳಿಸುವುದು. ಈ ಕೇಬಲ್ ಮೀಟರ್‌ಗೆ ಸುಮಾರು 5 ನ್ಯಾನೊಸೆಕೆಂಡ್ ತಡ ಮಾಡುತ್ತದೆ. 20 ಸೆಂ.ಮೀ. ಸೇರಿಸಿದರೆ 1 ನ್ಯಾನೊಸೆಕೆಂಡ್ ಜಾಸ್ತಿ ಕಾಣಬೇಕು.

ಮೊದಲು ಕೆಪಾಸಿಟರ್. ಚೂರಿನ ಅವಧಿಯಷ್ಟೂ ಅದನ್ನು ಸ್ಥಿರ ಕರೆಂಟ್‌ನಿಂದ ಚಾರ್ಜ್ ಮಾಡಿ, ವೋಲ್ಟೇಜನ್ನು ಮೈಕ್ರೊಕಂಟ್ರೋಲರ್‌ನ 10 ಬಿಟ್ ಎಡಿಸಿಯಿಂದ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಓದುವುದು. 1 ಮೈಕ್ರೊಸೆಕೆಂಡ್ ವ್ಯಾಪ್ತಿ ಇಟ್ಟರೆ ಒಂದು ಎಣಿಕೆ ಹೆಚ್ಚುಕಮ್ಮಿ 1 ನ್ಯಾನೊಸೆಕೆಂಡ್. 20 ಸೆಂ.ಮೀ. ಕೇಬಲ್ ಒಂದೇ ಎಣಿಕೆ ಸರಿಸಿತು. ಅದೂ ಸರಾಸರಿ ತೆಗೆದ ಮೇಲೆ. ಕೆಪಾಸಿಟರ್ ಬಿಸಿಗೆ ಅಷ್ಟಾಗಿ ಬದಲಾಗದ ಸಿ0ಜಿ ಬಗೆಯದೇ ಆಗಿರಲಿ. ಎಕ್ಸ್7ಆರ್ ಹಾಕಿ ಬೆಸುಗೆ ಕಡ್ಡಿಯ ಬಿಸಿ ಹತ್ತಿರ ತಂದರೆ ಸಾಕು, ಅಂಕಿ ನಡೆದುಬಿಡುತ್ತದೆ. ಸೊನ್ನೆಯ ಬಳಿ ಗೆರೆ ಬಾಗುವುದರಿಂದ, ಪ್ರತಿ ಅಳತೆಗೂ ಒಂದು ಪೂರ್ತಿ ಟಿಕ್ ಕೂಡಿಸಿ, ಆಮೇಲೆ ಕಳೆಯಬೇಕು. ಆದರೂ ಈ ಸರ್ಕ್ಯೂಟ್ ಮೇಲೆ ನನಗೆ ತುಂಬಾ ಗೌರವ. ಸಾಮಾನು ಎಲ್ಲ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೇ ಸಿಗುತ್ತದೆ. ಸಾಧಾರಣ ಜಿಪಿಎಸ್ ರಿಸೀವರ್ ಸೆಕೆಂಡಿಗೊಂದರಂತೆ ಕೊಡುವ ಪಲ್ಸೇ ಹತ್ತಾರು ನ್ಯಾನೊಸೆಕೆಂಡ್ ಅಲುಗಾಡುತ್ತದೆ, ಅಲ್ವಾ? ಅದಕ್ಕೆ ಆಸಿಲೇಟರ್ ಲಾಕ್ ಮಾಡಲು ಇದಕ್ಕಿಂತ ಹೆಚ್ಚಿನದು ಬೇಡ.

ಎರಡನೆಯದು ಎಫ್‌ಪಿಜಿಎ. ಅದರೊಳಗಿನ ಕ್ಯಾರಿ ಚೈನ್ ಎಂಬ ಗೇಟುಗಳ ಸಾಲಿನಲ್ಲಿ ಪಲ್ಸನ್ನು ಓಡಿಸಿ, ಟಿಕ್ ಬಂದಾಗ ಎಷ್ಟು ಮೆಟ್ಟಿಲು ದಾಟಿತ್ತು ಎಂದು ನೋಡುವುದು. ಆರ್ಟಿಕ್ಸ್-7 ಚಿಪ್‌ನಲ್ಲಿ ಒಂದೊಂದು ಮೆಟ್ಟಿಲು ಸರಾಸರಿ 20 ಪಿಕೊಸೆಕೆಂಡ್ ಆಸುಪಾಸು. ಓದಿದರೆ ಆಸೆ ಹುಟ್ಟುತ್ತದೆ. ಆದರೆ ಮೆಟ್ಟಿಲುಗಳು ಸಮ ಇಲ್ಲ, ಕೆಲವು ಅಗಲ, ಕೆಲವು ಇದ್ದೂ ಇಲ್ಲದಂತೆ. ಕ್ಲಾಕ್‌ಗೆ ಸಂಬಂಧವಿಲ್ಲದ ಸಾವಿರಾರು ಪಲ್ಸ್ ಸುರಿದು, ಯಾವ ಮೆಟ್ಟಿಲಿಗೆ ಎಷ್ಟು ಬಿತ್ತು ಎಂದು ಎಣಿಸಿ ಅಗಲದ ಪಟ್ಟಿ ಮಾಡಬೇಕು. ಬಿಸಿ ಏರಿದರೆ ಪಟ್ಟಿ ಮತ್ತೆ ಮಾಡಬೇಕು. ಹತ್ತಾರು ಚಾನೆಲ್ ಬೇಕಿದ್ದರೆ ಈ ಪಾಡು ಪಡಬಹುದು. ಒಂದೆರಡಕ್ಕೆ ಬೇಡ.

ನನ್ನ ಮೇಜಿನ ಮೇಲೆ ಉಳಿದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಡಿಸಿ7200. ರೆಸಲ್ಯೂಶನ್ 55 ಪಿಕೊಸೆಕೆಂಡ್. ಅದೇ 20 ಸೆಂ.ಮೀ. ಕೇಬಲ್‌ಗೆ ಇಲ್ಲಿ ಹದಿನೆಂಟರಷ್ಟು ಎಣಿಕೆ ಸರಿಯಿತು. ಅದು ಕಾಲ ಎಣಿಸುವ ಒಳಗಿನ ರಿಂಗ್ ಆಸಿಲೇಟರ್ (ತನ್ನಷ್ಟಕ್ಕೆ ಮಿಡಿಯುವ ಗೇಟುಗಳ ಉಂಗುರ) ಬಿಸಿಗೆ ಬದಲಾಗುತ್ತದೆ ನಿಜ. ಆದರೆ ಚಿಪ್ ಪ್ರತಿ ಅಳತೆಯ ಬೆನ್ನಿಗೇ ಹೊರಗಿನ ಕ್ಲಾಕ್‌ನ ಅವಧಿಯನ್ನೂ ಅದೇ ಆಸಿಲೇಟರ್‌ನಿಂದ ಅಳೆದು ಕೊಡುತ್ತದೆ. ಪಟ್ಟಿಯ ಗೋಜೇ ಇಲ್ಲ. 12 ನ್ಯಾನೊಸೆಕೆಂಡ್‌ಗಿಂತ ಕಮ್ಮಿ ಅಂತರ ಅದಕ್ಕೆ ಆಗದು. ಹಾಗಾಗಿ ಅಳತೆ ನಿಲ್ಲಿಸುವ ಪಲ್ಸ್ ಬರುವ ಸ್ಟಾಪ್ ದಾರಿಯಲ್ಲಿ 3 ಮೀಟರ್ ಕೇಬಲನ್ನು ಖಾಯಂ ಬಿಟ್ಟಿದ್ದೇನೆ. ಕ್ಲಾಕ್ ಪಿನ್‌ಗೆ ಅಗ್ಗದ ಕ್ರಿಸ್ಟಲ್ ಕೊಡಬೇಡಿ. ಅದರ ತಪ್ಪು ನೇರ ಅಳತೆಗೇ ಬರುತ್ತದೆ. 16 ಮೆಗಾಹರ್ಟ್ಸ್‌ವರೆಗೆ ಅದು ತೆಗೆದುಕೊಳ್ಳುವುದರಿಂದ ರುಬಿಡಿಯಂ ಪರಮಾಣು ಗಡಿಯಾರದ 10 ಮೆಗಾಹರ್ಟ್ಸನ್ನು, ಚಿಪ್‌ನ ವೋಲ್ಟೇಜ್‌ಗೆ ಹೊಂದುವ ಲಾಜಿಕ್ ಬಫರ್ ದಾಟಿಸಿ, ಅಲ್ಲಿಗೇ ಕೊಡಬಹುದು.