ನಮ್ಮ ಟ್ರಾವೆಲರ್ ಮನೆ: ನಾಲ್ಕು ವರ್ಷ ಬಳಸಿದ ಮೇಲೆ

2021ರಲ್ಲಿ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ದಾವಣಗೆರೆಯಲ್ಲೇ ಮನೆ ಥರ ಮಾಡಿಸಿಕೊಂಡೆವು. ನಾನು, ನಮ್ಮ ಮನೆಯವರು, ಇಬ್ಬರೇ. ವರ್ಷಕ್ಕೆ ಐದಾರು ತಿಂಗಳು ಅದರಲ್ಲೇ ವಾಸ. ನೋಡಿದವರೆಲ್ಲ ಮೊದಲು ಮೈಲೇಜ್ ಕೇಳುತ್ತಾರೆ. ಒಂದೇ ಕಡೆ ಎಷ್ಟು ದಿನ ನಿಲ್ಲಬಹುದು ಅಂತ ಕೇಳಬೇಕು.

ಅದು ನೀರಿನ ಮೇಲೆ ನಿಂತಿದೆ. ಮೊದಲು 50 ಲೀಟರ್ ಟ್ಯಾಂಕ್ ಇತ್ತು. ಎರಡನೇ ದಿನ ಸಂಜೆಗೇ ಖಾಲಿ. ಜಾಗ ಎಷ್ಟೇ ಚೆನ್ನಾಗಿರಲಿ, ನೀರು ಹುಡುಕಿಕೊಂಡು ಹೊರಡಲೇಬೇಕಿತ್ತು. ಈಗ 120 ಲೀಟರ್ ಇದೆ. ದಿನಕ್ಕೆ 25 ಲೀಟರಿನಲ್ಲಿ ಮುಗಿಸುತ್ತೇವೆ. ನಾಲ್ಕು ದಿನ ಆರಾಮ.

ಕರೆಂಟ್ ನಮ್ಮನ್ನು ಒಂದು ವರ್ಷ ಕಾಡಿತು. ರಾತ್ರಿ ಹೊತ್ತು ಫ್ರಿಜ್ ತಾನೇ ಆಫ್ ಆಗುತ್ತಿತ್ತು. ಎಷ್ಟೋ ಸಲ ಹಾಲು ಒಡೆಯಿತು. ವೈರಿಂಗ್ ಮಾಡಿದವರು ಬ್ಯಾಟರಿ ಸರಿಯಿಲ್ಲ ಅಂದರು. ಇನ್ವರ್ಟರ್ ಬ್ಯಾಟರಿ ತೆಗೆಸಿ 200 ಆಂಪಿಯರ್ ಅವರ್ ಲಿಥಿಯಂ ಹಾಕಿಸಿದೆವು. ಆಗಲೂ ಅದೇ ಕಥೆ. ಕೊನೆಗೆ ಟ್ರ್ಯಾಕ್ಟರ್ ವೈರಿಂಗ್ ಮಾಡುವ ಹುಡುಗನೊಬ್ಬ ಮೀಟರ್ ಹಿಡಿದು ತೋರಿಸಿದ. ಬ್ಯಾಟರಿ ಹತ್ತಿರ 13 ವೋಲ್ಟ್. ಫ್ರಿಜ್‌ನ ಮೋಟಾರ್ ಶುರುವಾದಾಗ ಅದರ ಹತ್ತಿರ 11. ಮನೆಯ ಲೈಟಿಗೆ ಎಳೆಯುವ ತೆಳು ವೈರ್ ಹಾಕಿದ್ದರು. 12 ವೋಲ್ಟಿನಲ್ಲಿ ಜಾಸ್ತಿ ಕರೆಂಟ್ ಹರಿಯುತ್ತದೆ, ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಹಗಲು ಸೋಲಾರ್ ವೋಲ್ಟೇಜನ್ನು ಏರಿಸಿಡುವುದರಿಂದ ಗೊತ್ತಾಗುತ್ತಿರಲಿಲ್ಲ. 6 ಸ್ಕ್ವೇರ್ ಎಂಎಂ ವೈರ್ ಹಾಕಿದ. ಅವತ್ತಿನಿಂದ ಫ್ರಿಜ್ ಒಂದು ಸಲವೂ ನಿಂತಿಲ್ಲ. ಸುಮ್ನೆ ಬ್ಯಾಟರಿ ಬದಲಿಸುವ ಮೊದಲು ವೈರ್ ನೋಡಿಸಿ, ದಯವಿಟ್ಟು.

ಮೇಲೆ 400 ವ್ಯಾಟ್ ಸೋಲಾರ್ ಇದೆ. ನಮ್ಮ ಬಯಲುಸೀಮೆ ಬಿಸಿಲಿಗೆ ಧಾರಾಳ. ಜುಲೈನಲ್ಲಿ ಆಗುಂಬೆ ಕಡೆ ಹೋದರೆ ಮೂರನೇ ದಿನಕ್ಕೆ ಕೈಕೊಡುತ್ತದೆ.

ನೀರು, ಕರೆಂಟ್ ಕೈಯಲ್ಲಿದ್ದರೆ ಏನಾಗುತ್ತದೆ ಅಂತ 2022ರ ಸೆಪ್ಟೆಂಬರಿನಲ್ಲಿ ಗೊತ್ತಾಯಿತು. ಗೋಕರ್ಣಕ್ಕೆ ಹೊರಟಿದ್ದೆವು. ಹರಿಹರದಲ್ಲಿ ಟೀ ಕುಡಿಯುವಾಗ ಫೋನ್ ಬಂತು, ಹಿರಿಯೂರು ಹತ್ತಿರದ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿದ್ದಿದೆ ಅಂತ. ಅಲ್ಲಿಯವರೆಗೆ 1933 ಬಿಟ್ಟರೆ ಅದು ಹಾಗೆ ತುಂಬಿ ಹರಿದದ್ದೇ ಇರಲಿಲ್ಲ. 1933ರಲ್ಲಿ ನಮ್ಮ ಮಾವನವರು ಕೂಸು. ಗಾಡಿ ತಿರುಗಿಸಿದೆವು. ಹಿರಿಯೂರು ಕಡೆ ಪರಿಚಯದವರ ತೆಂಗಿನ ತೋಟದಲ್ಲಿ ನಾಲ್ಕು ದಿನ ಇದ್ದೆವು. ರೂಮ್ ಬುಕ್ ಮಾಡಿದ್ದರೆ ಬಿಟ್ಟು ಬರಲು ಮನಸ್ಸಾಗುತ್ತಿತ್ತಾ? ದಿನಾ ಬೆಳಿಗ್ಗೆ ಹೋಗಿ ಕೋಡಿ ನೋಡಿ ಬರುತ್ತಿದ್ದೆವು. ವೇದಾವತಿಯನ್ನು ಅಷ್ಟು ತುಂಬಿದ್ದು ನಾನು ಕಂಡೇ ಇರಲಿಲ್ಲ.

ತಾರೀಖು ಕೊಟ್ಟಾಗಲೇ ನಮಗೆ ಕಷ್ಟವಾಗಿದ್ದು. ಗೃಹಪ್ರವೇಶಕ್ಕೆ ಬರುತ್ತೇವೆ ಅಂತ ಮಾತು ಕೊಟ್ಟು, ಮಳೆಯಲ್ಲಿ ರಾತ್ರಿ ಘಾಟಿ ಹತ್ತಿದೆವು. ವೈಪರ್ ನಿಂತಿತು. ಎರಡು ಗಂಟೆ ತಿರುವಿನಲ್ಲೇ ಕೂತಿದ್ದೆವು. ಆಮೇಲೆ ನಾದಿನಿ "ಅತ್ತಿಗೆ, ಯಾವತ್ತು ಬರ್ತೀರಿ? ದೋಸೆಗೆ ಅಕ್ಕಿ ನೆನೆಹಾಕ್ಬೇಕು" ಅಂತ ಕೇಳಿದರೆ, "ಈ ವಾರದಲ್ಲಿ ಬರ್ತೀವಿ, ಹಿಂದಿನ ದಿನ ಹೇಳ್ತೀನಿ" ಅನ್ನುತ್ತೇನೆ. ಅವಳಿಗೂ ಈಗ ಅಭ್ಯಾಸವಾಗಿದೆ.

ಒಂದು ದೊಡ್ಡ ಕೊರತೆ ಸೆಕೆ. ಏಪ್ರಿಲ್‌ನಲ್ಲಿ ಚಿತ್ರದುರ್ಗದಲ್ಲಿ ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ. ಟಾಪ್ ಒಳಗೆ ಹಾಕಿದ ಥರ್ಮಕೋಲ್ ಸಾಲದು, ಈ ಸಲ ಬಿಚ್ಚಿಸಿ ದಪ್ಪ ಫೋಮ್ ಹಾಕಿಸುತ್ತಿದ್ದೇವೆ. ನೀವು ಮಾಡಿಸುವುದಾದರೆ ಇದನ್ನು ಮೊದಲೇ ಮಾಡಿಸಿ. ಆರ್‌ಟಿಒ ಒಪ್ಪಿಗೆಯನ್ನೂ ಕೆಲಸಕ್ಕೆ ಮುಂಚೆಯೇ ತೆಗೆದುಕೊಳ್ಳಿ. ಆರ್‌ಸಿಯಲ್ಲಿ ಬದಲಾವಣೆ ನಮೂದಾಗದಿದ್ದರೆ ಇನ್ಶೂರೆನ್ಸ್‌ಗೂ ತೊಂದರೆ.