ಮಾವನ ಯಾಶಿಕಾ ಎಲೆಕ್ಟ್ರೋ 35: ಐದು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನೀವು ಏನೇ ಎಡವಟ್ಟು ಮಾಡಿದರೂ ಈ ಹಳೇ ಫಿಲ್ಮ್ ಕ್ಯಾಮೆರಾ ಬಾಯಿ ಬಿಡುವುದಿಲ್ಲ. ಲೆನ್ಸಿನ ಮುಚ್ಚಳ ತೆಗೆಯದೆ ಗುಂಡಿ ಒತ್ತಿ, ಟಿಕ್ ಅಂತ ಶಬ್ದ ಮಾಡಿ ಸುಮ್ಮನಾಗುತ್ತದೆ. ರೀಲು ಸಿಕ್ಕಿಕೊಳ್ಳದೆ ಒಳಗೆ ಸುಮ್ನೆ ಕೂತಿದ್ದರೂ ಲೆಕ್ಕದ ಕಿಂಡಿಯಲ್ಲಿ ಮಾತ್ರ ಒಂದು, ಎರಡು, ಮೂರು ಅಂತ ಅಂಕಿ ಓಡುತ್ತಲೇ ಇರುತ್ತದೆ. ಇದು ಗೊತ್ತಾಗುವುದಕ್ಕೆ ನನಗೆ ಒಂದು ಹಾಸನಾಂಬೆ ಜಾತ್ರೆಯೇ ಖರ್ಚಾಯಿತು. ಆ ಕತೆ ಆಮೇಲೆ.

ನನ್ನ ಹತ್ತಿರ ಇರುವುದು ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್. ಎಲೆಕ್ಟ್ರೋ ಸಾಲಿನ ಮೊದಲ ಕ್ಯಾಮೆರಾ ಬಂದದ್ದು 1966ರಲ್ಲಿ, ಜಿಎಸ್‌ಎನ್ 1973ರಲ್ಲಿ. ಇದೇ ಕ್ಯಾಮೆರಾ ಕಪ್ಪು ಬಣ್ಣದಲ್ಲಿ ಇದ್ದರೆ ಜಿಟಿಎನ್ ಅನ್ನುತ್ತಾರೆ. ಸಕಲೇಶಪುರದಲ್ಲಿ ತೋಟ ನೋಡಿಕೊಳ್ಳುವ ನನ್ನ ಸೋದರಮಾವ ಇದನ್ನು ಮದುವೆಗೆ ಮುಂಚೆ ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡಿದ್ದರಂತೆ. ಅಟ್ಟದ ಟ್ರಂಕಿನಲ್ಲಿ ಎಷ್ಟೋ ವರ್ಷ ಮಲಗಿತ್ತು. "ಕೆಲಸ ಮಾಡುತ್ತೋ ಇಲ್ವೋ ಗೊತ್ತಿಲ್ಲ ಮಾರಾಯ, ಬೇಕಿದ್ರೆ ತಗೊಂಡು ಹೋಗು" ಅಂದರು. ಚರ್ಮದ ಚೀಲದ ಸಮೇತ ಹಾಸನಕ್ಕೆ ತಂದೆ. ಆ ಚೀಲವೇ ಮೊದಲ ಶತ್ರು ಅಂತ ಆಗ ಗೊತ್ತಿರಲಿಲ್ಲ.

ಮನೆಗೆ ತಂದು ಟಾರ್ಚ್ ಹಾಕಿ ಲೆನ್ಸ್ ನೋಡಿದರೆ ಒಳಗೆ ಜೇಡರ ಬಲೆ ತರ ಬೂಷ್ಟು. ಹಿಂದಿನ ಬಾಗಿಲಿನ ಅಂಚಿನಲ್ಲಿ ಬೆಳಕು ತಡೆಯಲು ಇದ್ದ ಫೋಮ್ ಕರಗಿ ಟಾರಿನ ಹಾಗೆ ಅಂಟುತ್ತಿತ್ತು. ನಮ್ಮೂರಿನ ಒಂದು ಅಂಗಡಿಯಲ್ಲಿ ತೋರಿಸಿದೆ. "ಶೋಕೇಸಿಗೆ ಚೆನ್ನಾಗಿರುತ್ತೆ ಸಾರ್, ಇಟ್ಕೊಳ್ಳಿ" ಅಂತ ನಕ್ಕು ವಾಪಸ್ ಕೊಟ್ಟರು. ಕೊನೆಗೆ ಬೆಂಗಳೂರಿನ ಒಬ್ಬ ಹಳೇ ಮೆಕ್ಯಾನಿಕ್ ಒಪ್ಪಿಕೊಂಡರು. ಲೆನ್ಸ್ ಬಿಚ್ಚಿ ತೊಳೆದು, ಹೊಸ ಫೋಮ್ ಅಂಟಿಸಿ, ಒಳಗಿನ ಒಂದು ರಬ್ಬರ್ ತುಂಡು ಬದಲಾಯಿಸಿ ಕೊಟ್ಟರು. ಎರಡೂವರೆ ಸಾವಿರ ತಗೊಂಡರು, ಜಾಸ್ತಿ ಅನ್ನಿಸಲಿಲ್ಲ.

ಆ ರಬ್ಬರ್ ತುಂಡಿನ ಬಗ್ಗೆ ಎರಡು ಮಾತು. ಎಲೆಕ್ಟ್ರೋ ಕ್ಯಾಮೆರಾಗಳ ದೊಡ್ಡ ಕಾಯಿಲೆ ಇದೇ. ಒಳಗೆ ಒಂದು ಸಣ್ಣ ರಬ್ಬರ್ ಪ್ಯಾಡ್ ಇದೆ, ವಯಸ್ಸಾದ ಹಾಗೆ ಪುಡಿಪುಡಿ ಆಗುತ್ತದೆ. ಪ್ಯಾಡ್ ಸರಿ ಇದ್ದರೆ ರೀಲು ಮುಂದಕ್ಕೆ ಸರಿಸುವ ಲಿವರ್ ಎಳೆದಾಗ ಒಳಗಿನಿಂದ ಟಕ್ ಅಂತ ಒಂದು ಗಟ್ಟಿ ಶಬ್ದ ಬರುತ್ತದೆ. ನನ್ನದರಲ್ಲಿ ಆ ಶಬ್ದ ಇರಲಿಲ್ಲ, ಲಿವರ್ ನುಣ್ಣಗೆ ಹೋಗುತ್ತಿತ್ತು, ನಾನು ಪೆದ್ದನ ಹಾಗೆ "ಎಷ್ಟು ಸ್ಮೂತಾಗಿದೆ" ಅಂತ ಖುಷಿಪಟ್ಟಿದ್ದೆ. ರಿಪೇರಿಗೆ ಮುಂಚೆ ಹೊಡೆದ ರೀಲಿನಲ್ಲಿ ಒಂದು ಫೋಟೋ ಕಪ್ಪು, ಇನ್ನೊಂದು ಬಿಳಿ, ಲೆಕ್ಕವೇ ಇಲ್ಲ. ಈಗ ಪ್ರತಿ ಸಲ ಟಕ್ ಅಂತ ಕೇಳಿದ ಮೇಲೆಯೇ ಕ್ಯಾಮೆರಾ ಕಣ್ಣಿಗೆ ಹಿಡಿಯುತ್ತೇನೆ.

ಸೆಲ್ಲಿನದು ಇನ್ನೊಂದು ಗೋಳು. ಇದಕ್ಕೆ ಬೇಕಿದ್ದದ್ದು 5.6 ವೋಲ್ಟಿನ ಪಾದರಸದ ಸೆಲ್ಲು, ಅದು ಈಗ ಸಿಗುವುದಿಲ್ಲ. 4ಎಲ್‌ಆರ್44 ಅನ್ನುವ 6 ವೋಲ್ಟಿನ ಸೆಲ್ಲು ಹಾಕಿದರೆ ನಡೆಯುತ್ತದೆ, ಆ ವ್ಯತ್ಯಾಸಕ್ಕೆ ಕ್ಯಾಮೆರಾ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಗಾತ್ರ ಚಿಕ್ಕದು, ಒಳಗೆ ಗಡಗಡ ಅಲ್ಲಾಡುತ್ತದೆ. ಅಡಾಪ್ಟರ್ ಸಿಗುತ್ತದೆ ನಿಜ. ನಾನು ಮಾತ್ರ ರಟ್ಟಿನ ಕೊಳವೆ ಮಾಡಿ, ಉಳಿದ ಜಾಗಕ್ಕೆ ಹಳೇ ಟಾರ್ಚಿನ ಸ್ಪ್ರಿಂಗ್ ಕತ್ತರಿಸಿ ಹಾಕಿದ್ದೇನೆ. ಐದು ವರ್ಷದಿಂದ ಅದೇ. ಒಂದು ಸಲ ಆ ಸೆಲ್ಲು ಸಿಗದೆ ವಾಚ್ ಅಂಗಡಿಯಿಂದ ನಾಲ್ಕು ಎಲ್‌ಆರ್44 ತಂದು ಒಂದರ ಮೇಲೊಂದು ಪೇರಿಸಿ ಕಾಗದ ಸುತ್ತಿದ್ದೆ, ಅದೂ ಕೆಲಸ ಮಾಡಿತು.

ಇನ್ನು ಬಳಸುವ ವಿಷಯ. ಇದು ರೇಂಜ್‌ಫೈಂಡರ್. ನೀವು ನೋಡುವ ಕಿಂಡಿಗೂ ಲೆನ್ಸಿಗೂ ಸಂಬಂಧ ಇಲ್ಲ. ಕಿಂಡಿಯ ನಡುವೆ ಸ್ವಲ್ಪ ಹಳದಿ ಬಣ್ಣದ ಒಂದು ಚೌಕ ಇರುತ್ತದೆ, ಅದರೊಳಗೆ ಎದುರಿನ ವಸ್ತು ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ರಿಂಗ್ ತಿರುಗಿಸಿದಾಗ ಒಂದು ಚಿತ್ರ ಪಕ್ಕಕ್ಕೆ ಸರಿದು ಇನ್ನೊಂದರ ಮೇಲೆ ಕೂರುತ್ತದೆ. ಎರಡೂ ಒಂದಾದರೆ ಫೋಕಸ್ ಆಯಿತು. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ತೂತು, ಮಾತ್ರ ನಮ್ಮ ಕೈಲಿ, 1.7ರಿಂದ 16ರವರೆಗೆ; ಅಂಕಿ ಚಿಕ್ಕದಾದಷ್ಟು ತೂತು ದೊಡ್ಡದು. ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ಕ್ಯಾಮೆರಾವೇ ತೀರ್ಮಾನಿಸುತ್ತದೆ, 30 ಸೆಕೆಂಡಿನಿಂದ 1/500 ಸೆಕೆಂಡಿನವರೆಗೆ. ಎಷ್ಟಕ್ಕೆ ತೀರ್ಮಾನಿಸಿದೆ ಅಂತ ಹೇಳುವುದಿಲ್ಲ. ಗುಂಡಿ ಅರ್ಧ ಒತ್ತಿದಾಗ ಹಳದಿ ದೀಪ ಹತ್ತಿದರೆ 1/30ಕ್ಕಿಂತ ನಿಧಾನ, ಕೈ ಅಲ್ಲಾಡುತ್ತದೆ ಹುಷಾರು. ಕೆಂಪು ಹತ್ತಿದರೆ ಬೆಳಕು ವಿಪರೀತ ಜಾಸ್ತಿ. ಯಾವುದೂ ಹತ್ತದಿದ್ದರೆ ಹೊಡೆಯಬಹುದು. ಅಥವಾ ಸೆಲ್ಲು ಸತ್ತಿದೆ.

ಬೇಲೂರಿನಲ್ಲಿ ಈ ಫೋಕಸ್ ಚೌಕ ನನ್ನನ್ನು ಚೆನ್ನಾಗಿ ಆಟ ಆಡಿಸಿತು. ಗುಡಿಯ ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು ಇದೆಯಲ್ಲ, ಅದನ್ನು ಹತ್ತಿರದಿಂದ ಹೊಡೆಯಲು ಹೋದೆ. ಎರಡು ಚಿತ್ರ ಒಂದಾಯಿತು, ಹೊಡೆದೆ. ಫಿಲ್ಮ್ ತೊಳೆದು ನೋಡಿದರೆ ಆನೆಗಳೆಲ್ಲ ಮಸುಕು. ಆಗಿದ್ದು ಏನೆಂದರೆ, ಒಂದು ಆನೆಯ ಮೇಲೆ ಅದರದ್ದೇ ಚಿತ್ರ ಕೂರಿಸುವ ಬದಲು ಪಕ್ಕದ ಆನೆಯನ್ನು ತಂದು ಕೂರಿಸಿದ್ದೆ. ಎಲ್ಲ ಒಂದೇ ತರ ಇರುವ ಸಾಲು ಸಿಕ್ಕರೆ ಈ ಕ್ಯಾಮೆರಾಗಳಿಗೆ ಇದು ತಪ್ಪದ ತೊಂದರೆ, ಜಾಲಂಧ್ರದ, ಅಂದರೆ ಕಲ್ಲಿನ ಜಾಲರಿ ಕಿಟಕಿಯ, ತೂತುಗಳಲ್ಲೂ ಅಷ್ಟೇ. ಈಗ ಸಾಲು ಎಲ್ಲಿ ಮುರಿದಿದೆಯೋ, ಎಲ್ಲಿ ಒಂದು ಮೂಲೆ ಅಥವಾ ಚಕ್ಕೆ ಎದ್ದಿದೆಯೋ ಅಲ್ಲಿ ಫೋಕಸ್ ಮಾಡುತ್ತೇನೆ. ಇನ್ನೊಂದು, ಚಿತ್ರ ಸರಿಯುವುದು ಅಡ್ಡಡ್ಡಕ್ಕೆ. ಹಾಗಾಗಿ ನಿಂತ ಗೆರೆ ಸುಲಭ, ಮಲಗಿದ ಗೆರೆ ಕಷ್ಟ. ತಿರುಗಣೆ ಕಂಬದ ಬಳೆಗಳನ್ನು ನೋಡಿಕೊಂಡು ಎಷ್ಟು ತಿರುಗಿಸಿದರೂ ಏನೂ ಗೊತ್ತಾಗುವುದಿಲ್ಲ, ಕಂಬದ ಅಂಚು ಹಿಡಿದರೆ ತಕ್ಷಣ ಸಿಗುತ್ತದೆ. ಬರೀ ಮೆಟ್ಟಿಲಿದ್ದರೆ ಕ್ಯಾಮೆರಾ ನೆಟ್ಟಗೆ ತಿರುಗಿಸಿ ಫೋಕಸ್ ಮಾಡಿ, ವಾಪಸ್ ಅಡ್ಡ ಹಿಡಿದು ಹೊಡೆಯುತ್ತೇನೆ. ಪಕ್ಕದಲ್ಲಿ ನಿಂತವರು ಇವನಿಗೆ ಏನಾಗಿದೆ ಅಂತ ನೋಡುತ್ತಾರೆ, ನೋಡಲಿ.

ಗುಡಿಯ ಒಳಗಿನ ಕತ್ತಲಲ್ಲಿ 1.7ರ ಲೆನ್ಸ್ ಇದ್ದದ್ದಕ್ಕೆ ಬದುಕಿದೆ. ಟ್ರೈಪಾಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಅದಕ್ಕೆಲ್ಲ ಯಾರು ಓಡಾಡುತ್ತಾರೆ. ಕಂಬಕ್ಕೆ ಒರಗಿ, ಉಸಿರು ಹಿಡಿದು, ಹಳದಿ ದೀಪವನ್ನು ಕಂಡೂ ಕಾಣದ ಹಾಗೆ ಹೊಡೆಯುವುದು. ಶಟರ್ ಎಲೆಯ ತರ ತೆರೆದು ಮುಚ್ಚುತ್ತದೆ, ರೇಂಜ್‌ಫೈಂಡರ್ ಆದ್ದರಿಂದ ಒಳಗೆ ಯಾವ ಕನ್ನಡಿಯೂ ಎಗರುವುದಿಲ್ಲ, ಹಾಗಾಗಿ ಅದುರುವುದು ಕಡಿಮೆ. ಮೂರರಲ್ಲಿ ಒಂದು ಚೆನ್ನಾಗಿ ಬರುತ್ತದೆ.

ಈಗ ಹಾಸನಾಂಬೆಯ ಕತೆ. ನಮ್ಮಲ್ಲಿ ಹಾಸನಾಂಬೆಯ ಗುಡಿ ತೆರೆಯುವುದು ವರ್ಷಕ್ಕೆ ಒಂದೇ ಸಲ, ದೀಪಾವಳಿ ಆಸುಪಾಸಿನಲ್ಲಿ. ಎರಡನೇ ವರ್ಷ ಅದು. ಎರಡು ದಿನ ಸಾಲಿನ ಉದ್ದಕ್ಕೂ ಓಡಾಡಿ ಜನರನ್ನು ಹೊಡೆದೆ. ಚಳಿಗೆ ಶಾಲು ಹೊದ್ದು ಕೂತ ಅಜ್ಜಿಯರು, ಹೆಗಲ ಮೇಲೆ ನಿದ್ದೆ ಹೋದ ಮಗು, ಬಳೆ ಅಂಗಡಿ. ಕಿಂಡಿಯಲ್ಲಿ 36 ದಾಟಿತು, 38 ಬಂತು, ರೀಲು ಇನ್ನೂ ಮುಗಿಯಲಿಲ್ಲ. ಒಂದೆರಡು ಜಾಸ್ತಿ ಬರುವುದುಂಟು ಅಂತ ಖುಷಿ. 41 ಆದಾಗ ಹೊಟ್ಟೆಯೊಳಗೆ ಕಸಿವಿಸಿ ಶುರುವಾಯಿತು. ಮನೆಗೆ ಬಂದು ದೀಪ ಆರಿಸಿ ಬಾಗಿಲು ತೆಗೆದು ಕೈಯಾಡಿಸಿದರೆ ಫಿಲ್ಮಿನ ನಾಲಿಗೆ ಹಾಕಿದಲ್ಲೇ ಹಾಗೇ ಮಲಗಿದೆ. ಒಂದು ಫೋಟೋ ಇಲ್ಲ. ತಾಯಿ ಮತ್ತೆ ಬಾಗಿಲು ತೆಗೆಯುವುದು ಮುಂದಿನ ವರ್ಷ!

ಇದಕ್ಕೆ ಮದ್ದು ತೀರಾ ಸರಳ. ರೀಲು ಹಾಕಿ ಬಾಗಿಲು ಮುಚ್ಚಿದ ಮೇಲೆ, ಎಡಗಡೆ ಇರುವ ರೀಲು ವಾಪಸ್ ಸುತ್ತುವ ಗುಬುಟನ್ನು ಸ್ವಲ್ಪ ತಿರುಗಿಸಿ ಸಡಿಲ ತೆಗೆಯಬೇಕು. ಆಮೇಲೆ ಲಿವರ್ ಎಳೆದಾಗಲೆಲ್ಲ ಆ ಗುಬುಟು ತಾನೇ ತಿರುಗುತ್ತಿದೆಯಾ ಅಂತ ನೋಡಬೇಕು. ತಿರುಗಿದರೆ ಫಿಲ್ಮ್ ಓಡುತ್ತಿದೆ.

ಮುಚ್ಚಳದ ವಿಷಯವೂ ಇದೇ ಜಾತಿ. ಬೆಳಕು ಅಳೆಯುವ ಕಣ್ಣು ಲೆನ್ಸಿನ ಹಿಂದೆ ಇಲ್ಲ, ಮೇಲೆ ಕಿಂಡಿಯ ಪಕ್ಕದಲ್ಲಿದೆ. ಹಾಗಾಗಿ ಮುಚ್ಚಳ ಇದ್ದರೂ ದೀಪಗಳು ಎಲ್ಲ ಸರಿ ಇದೆ ಅಂತಲೇ ಹೇಳುತ್ತವೆ. ನಾನು ಮುಚ್ಚಳವನ್ನೇ ಬಿಸಾಕಿದೆ.

ಏಪ್ರಿಲ್‌ನಲ್ಲಿ ಮಾವನ ತೋಟಕ್ಕೆ ಹೋದಾಗ ಇನ್ನೊಂದು ಪಾಠ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಬೆಳ್ಳಗೆ ಹೂ ಬಿಟ್ಟು ನಿಲ್ಲುತ್ತದಲ್ಲ, ಅದನ್ನು ಹೊಡೆದರೆ ಹೂವೆಲ್ಲ ಬೂದಿ ಬಣ್ಣ. ಎದುರಿಗೆ ಬಿಳಿ ಜಾಸ್ತಿ ಇದ್ದರೆ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಮಾಡಲು ನೋಡುತ್ತದೆ. ಶಟರ್ ಸ್ಪೀಡ್ ನಾವು ಬದಲಾಯಿಸುವ ಹಾಗಿಲ್ಲ, ಹಾಗಾಗಿ ಒಳಗಿರುವ ಫಿಲ್ಮ್ ಎಷ್ಟರದ್ದು ಅಂತ ಕ್ಯಾಮೆರಾಗೆ ಹೇಳುವ ಎಎಸ್‌ಎ ಡಯಲ್ ತಿರುಗಿಸಿ ಮೋಸ ಮಾಡಬೇಕು. 400ರ ಫಿಲ್ಮಿಗೆ 200 ಇಟ್ಟರೆ ದುಪ್ಪಟ್ಟು ಬೆಳಕು ಬಿಡುತ್ತದೆ, ಹೂ ಬೆಳ್ಳಗೆ ಬರುತ್ತದೆ. ಮುಳ್ಳಯ್ಯನಗಿರಿಯ ಮಂಜಿಗೂ ಇದೇ ಉಪಾಯ. ಆಮೇಲೆ ಡಯಲ್ ವಾಪಸ್ 400ಕ್ಕೆ ತರುವುದನ್ನು ಮರೆಯಬೇಡಿ, ನಾನು ಮರೆತಿದ್ದೇನೆ. ಒಂದೇ ಹೂಗೊಂಚಲನ್ನು ಹತ್ತಿರದಿಂದ ಹೊಡೆಯುವ ಆಸೆ ಇದ್ದರೆ ಬಿಟ್ಟುಬಿಡಿ. 0.8 ಮೀಟರಿಗಿಂತ, ಅಂದರೆ ಸುಮಾರು ಎರಡೂವರೆ ಅಡಿಗಿಂತ, ಹತ್ತಿರ ಇದು ಫೋಕಸ್ ಆಗುವುದಿಲ್ಲ. ಕಣದಲ್ಲಿ ಕಾಫಿ ಒಣಗಿಸುವವರ ಮುಖ, ಸಿಲ್ವರ್ ಮರಕ್ಕೆ ಏಣಿ ಹಾಕಿ ಮೆಣಸು ಕುಯ್ಯುವವರು, ಅಂಥದ್ದಕ್ಕೆ ಈ 45 ಎಂಎಂ ಲೆನ್ಸ್ ಸರಿಯಾದ ಜೊತೆ. ಶಬ್ದವೂ ಇಲ್ಲ, ಕ್ಲಿಕ್ಕಿಸಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ಸೆಲ್ಲು ಸಾಯುವುದು ಯಾವಾಗಲೂ ಹೊರಗೆ ಹೋದಾಗಲೇ. ಶೆಟ್ಟಿಹಳ್ಳಿಯ ಚರ್ಚ್ ನೋಡಲು ಹೋಗಿದ್ದೆವು. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಒಳಗೇ ನಡೆದು ಹೋಗಬಹುದು. ಎರಡು ಫೋಟೋ ಆಗಿರಬೇಕು, ದೀಪಗಳು ಹತ್ತುವುದು ನಿಂತವು. ಹಿಂದಿನ ಸಣ್ಣ ಗುಂಡಿ ಒತ್ತಿದರೆ ಹಸಿರು ದೀಪ ಬರಬೇಕು, ಅದೂ ಇಲ್ಲ. ಆದರೆ ಸೆಲ್ಲಿಲ್ಲದಿದ್ದರೂ ಈ ಶಟರ್ 1/500ರಲ್ಲಿ ಹೊಡೆಯುತ್ತದೆ. 400ರ ಫಿಲ್ಮ್, ಸುಡುವ ಬಿಸಿಲು, ಅಪರ್ಚರ್ 16. ನೆರಳು ಬಂದರೆ 5.6 ಅಥವಾ 4. ಅಂದಾಜಿನ ಮೇಲೆ ಇಡೀ ರೀಲು ಹೊಡೆದೆ. ನನ್ನ ಹತ್ತಿರ ಇರುವ ಒಳ್ಳೆಯ ನೆಗೆಟಿವ್‌ಗಳಲ್ಲಿ ನಾಲ್ಕೈದು ಅವತ್ತಿನವು, ಮೀಟರ್ ಸತ್ತಿದ್ದ ದಿನದವು.

ಖರ್ಚು ಕೇಳಿದರೆ ಮನೆಯವರು ಬೈಯುತ್ತಾರೆ. ಕಲರ್ ರೀಲು ಒಂದಕ್ಕೆ ಸಾವಿರದ ಆಚೀಚೆ, ಬೆಂಗಳೂರಿಗೆ ಕೊರಿಯರ್ ಮಾಡಿ ತೊಳೆಸಿ ಸ್ಕ್ಯಾನ್ ಮಾಡಿಸಲು ಇನ್ನೈನೂರು. ಲೆಕ್ಕ ಹಾಕಿದರೆ ಒಂದು ಕ್ಲಿಕ್ಕಿಗೆ ನಲವತ್ತು ರೂಪಾಯಿ ಮೇಲೆ. ಅದಕ್ಕೇ ಈಗ ಜಾಸ್ತಿ ಕಪ್ಪು ಬಿಳುಪು. ಇಲ್ಫರ್ಡ್ ಎಚ್‌ಪಿ5 ಹಾಕಿ, ಬಚ್ಚಲುಮನೆಯಲ್ಲಿ ನಾನೇ ತೊಳೆಯುತ್ತೇನೆ. ಡಿ-76 ಅನ್ನುವ ಡೆವಲಪರ್ ದ್ರಾವಣದಲ್ಲಿ, ಮತ್ತೆ ನೀರು ಬೆರೆಸದೆ, 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಹಾಸನವನ್ನು ಬಡವರ ಊಟಿ ಅನ್ನುತ್ತಾರಲ್ಲ, ಅದರ ಲಾಭ ನನಗೆ ಸಿಕ್ಕಿದ್ದು ಇಲ್ಲಿ. ಡಿಸೆಂಬರ್ ಬೆಳಗ್ಗೆ ನಲ್ಲಿ ನೀರು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಏಪ್ರಿಲ್‌ನಲ್ಲಿ ಮಾತ್ರ ಫ್ರಿಜ್ಜಿನ ಐಸ್ ಬೇಕು.

ಬೂಷ್ಟು ಮೂರನೇ ಮಳೆಗಾಲದಲ್ಲಿ ಮತ್ತೆ ಬಂತು. ಚರ್ಮದ ಚೀಲದಲ್ಲಿ ಇಟ್ಟಿದ್ದೇ ತಪ್ಪು, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಈಗ ಜೂನ್ ಬಂತೆಂದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ನೀಲಿ ಸಿಲಿಕಾ ಜೆಲ್. ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಅಂತ ಅರ್ಥ, ಹದವಾಗಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ದೋಸೆ ಹಂಚಿನಲ್ಲಿ ಮಾಡಬೇಡಿ, ಆ ನೀಲಿ ಬಣ್ಣ ಹೊಟ್ಟೆಗೆ ಹೋಗುವಂಥದ್ದಲ್ಲ. ಬೇಡದ ಬಾಣಲೆಯೊಂದನ್ನು ಅದಕ್ಕೇ ಇಟ್ಟುಬಿಡಿ. ವಾರಕ್ಕೊಮ್ಮೆ ಬಿಸಿಲು ಬಂದಾಗ ತೆಗೆದು ನಾಲ್ಕು ಸಲ ಕ್ಲಿಕ್ಕಿಸಿ ವಾಪಸ್ ಇಡುತ್ತೇನೆ.

ತಗೊಳ್ಳಬೇಕೆನ್ನುವವರಿಗೆ: ಎಲ್ಲವನ್ನೂ ನಿಮ್ಮ ಕೈಲೇ ಇಟ್ಟುಕೊಳ್ಳುವವರಾದರೆ ಇದು ಬೇಡ, ಸ್ಪೀಡ್ ಕೊಡದ ಕ್ಯಾಮೆರಾದ ಮೇಲೆ ಸಿಟ್ಟು ಬರುತ್ತದೆ. ಮುಕ್ಕಾಲು ಕೆಜಿ ತೂಕವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ, ಸಂಜೆ ಹೊತ್ತಿಗೆ ಕತ್ತು ನೋಯುತ್ತದೆ. ನೋಡಲು ಹೋಗುವಾಗ ಜೇಬಿನಲ್ಲಿ ಸೆಲ್ಲು, ಟಾರ್ಚು ಇರಲಿ. ಲಿವರ್ ಎಳೆದು ಟಕ್ ಅಂತ ಕೇಳಿಸಿಕೊಳ್ಳಿ, ಹಳದಿ ಕೆಂಪು ಎರಡೂ ದೀಪ ಹತ್ತಿಸಿ ನೋಡಿ, ಫೋಕಸ್ ಚೌಕ ಮಂಕಾಗಿದ್ದರೆ ಹೊರಗಿನ ಕಿಂಡಿಯ ನಡುವೆ ಒಂದು ಚಿಟಿಕೆ ಕಪ್ಪು ಟೇಪ್ ಅಂಟಿಸಿದರೆ ಸ್ವಲ್ಪ ಎದ್ದು ಕಾಣುತ್ತದೆ, ಅದಕ್ಕೆ ಹೆದರಬೇಡಿ. ಹಿಂದಿನ ಬಾಗಿಲು ತೆಗೆಯುವ ಮುಂಚೆ ಮಾತ್ರ ಆ ಎಡಗಡೆಯ ಗುಬುಟು ತಿರುಗಿಸಿ ನೋಡಿ, ಬಿಗಿಯಾಗಿದ್ದರೆ ಒಳಗೆ ರೀಲಿದೆ. ಹೋದ ತಿಂಗಳು ನಮ್ಮ ಭಾವ ಮನೆಗೆ ಬಂದವರು "ಇದೇನಾ ಆ ಕ್ಯಾಮೆರಾ" ಅಂತ ಎತ್ತಿಕೊಂಡು, ನಾನು ಕಾಫಿ ತರುವಷ್ಟರಲ್ಲಿ ಬಾಗಿಲು ತೆಗೆದಿದ್ದರು. ಒಳಗೆ 24 ಫೋಟೋ ಆಗಿತ್ತು.