ಸಿ ಡ್ರೈವ್ ತುಂಬಿದಾಗ: ಕೊಂಡ ಕ್ಲೀನರ್, ವಿಂಡೋಸ್‌ನದೇ ಸ್ಟೋರೇಜ್ ಸೆನ್ಸ್, ಪುಕ್ಕಟೆ ವಿಜ್‌ಟ್ರೀ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಿಜ್‌ಟ್ರೀಗೆ, ಅಂದರೆ ಡ್ರೈವ್‌ನಲ್ಲಿ ಯಾವುದು ಎಷ್ಟು ಜಾಗ ತಿಂದಿದೆ ಅಂತ ತೋರಿಸುವ ಸಾಫ್ಟ್‌ವೇರ್‌ಗೆ. ಒಂದು ವರ್ಷದ ಚಂದಾ ಕಟ್ಟಿ ಕೊಂಡ ಕ್ಲೀನರ್ (ಬೇಡದ ಫೈಲು ಹುಡುಕಿ ಅಳಿಸುವ ಸಾಫ್ಟ್‌ವೇರ್), ವಿಂಡೋಸ್ ಒಳಗೇ ಇರುವ ಸ್ಟೋರೇಜ್ ಸೆನ್ಸ್, ಬ್ಲೀಚ್‌ಬಿಟ್ ಅನ್ನೋ ಇನ್ನೊಂದು ಕ್ಲೀನರ್, ವಿಜ್‌ಟ್ರೀ ಥರದ್ದೇ ವಿನ್‌ಡಿರ್‌ಸ್ಟಾಟ್ ಎಲ್ಲವನ್ನೂ ಒಂದೇ ಲ್ಯಾಪ್‌ಟಾಪ್ ಮೇಲೆ ಓಡಿಸಿ ನೋಡಿದ್ದೇನೆ. ಕೊಂಡದ್ದನ್ನು ಈ ಸಲ ರಿನ್ಯೂ ಮಾಡಿಸಲಿಲ್ಲ.

ಲ್ಯಾಪ್‌ಟಾಪ್ ಮನೆಯವರೆಲ್ಲ ಸೇರಿ ಬಳಸುವಂಥದ್ದು. ಫೈಲುಗಳನ್ನು ಇಡೋಕೆ 256 ಜಿಬಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡ್ರೈವ್. ಅಂದರೆ ವಿಂಡೋಸ್ ಲೆಕ್ಕದಲ್ಲಿ ಸುಮಾರು 238 ಜಿಬಿ ಅಷ್ಟೇ. ಅದರಲ್ಲಿ ವಿಂಡೋಸ್‌ಗೆ ಒಂದು ಪಾಲು, ಆಫೀಸು ಬ್ರೌಸರ್‌ಗಳಿಗೆ ಒಂದು ಪಾಲು, ಉಳಿದದ್ದರಲ್ಲಿ ಅಮ್ಮನ ವಾಟ್ಸಾಪ್ ವಿಡಿಯೋ, ಮಗಳ ಶಾಲೆಯ ಪಿಡಿಎಫ್, ಮದುವೆ ಮುಂಜಿ ಫೋಟೋ, ನಮ್ಮ ಸಂಘದ ಸ್ಮರಣ ಸಂಚಿಕೆಗೆ ಅಂತ ನಾನು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟ ಹಳೇ ಫೈಲುಗಳು. ಸಿ ಡ್ರೈವ್‌ನ ಗೆರೆ ಕೆಂಪಾಗೋದಕ್ಕೆ ಇಷ್ಟು ಸಾಕು.

ಕ್ಲೀನರ್ ಕೆಲಸ ಮಾಡಲಿಲ್ಲ ಅಂತ ನಾನು ಹೇಳೋದಿಲ್ಲ. ಸ್ಕ್ಯಾನ್ ಒತ್ತಿದರೆ ಚಕಚಕ ಅಂತ ಓಡುತ್ತದೆ, ಇಷ್ಟು ಜಿಬಿ ಕಸ ಸಿಕ್ಕಿತು ಅಂತ ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ, ಒಂದು ಬಟನ್ ಒತ್ತಿದರೆ ಅಳಿಸುತ್ತದೆ. ಆದರೆ ಅಳಿಸಿದ್ದರಲ್ಲಿ ಜಾಸ್ತಿ ಪಾಲು ಬ್ರೌಸರ್‌ನ ಕ್ಯಾಶ್ (ನೋಡಿದ ಪೇಜುಗಳ ಉಳಿಸಿಟ್ಟ ಪ್ರತಿ) ಮತ್ತು ಫೋಟೋಗಳ ಥಂಬ್‌ನೇಲ್ (ಪುಟ್ಟ ಮಾದರಿ ಚಿತ್ರ). ಎರಡೂ ಮತ್ತೆ ಹುಟ್ಟಿಕೊಳ್ಳುವ ವಸ್ತುಗಳು. ಬ್ರೌಸರ್ ತೆರೆದು ನಾಲ್ಕು ಸೈಟ್ ನೋಡಿದರೆ ಕ್ಯಾಶ್ ತುಂಬುತ್ತದೆ, ಫೋಟೋ ಫೋಲ್ಡರ್ ತೆರೆದರೆ ಥಂಬ್‌ನೇಲ್ ಮತ್ತೆ ತಯಾರಾಗುತ್ತದೆ. ಹೀಗಾಗಿ ಸ್ವಲ್ಪ ದಿನ ಬಿಟ್ಟು ಸ್ಕ್ಯಾನ್ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ಕಸ ಮತ್ತೆ ಸಿಗುತ್ತದೆ. ಕ್ಯಾಶ್ ಇರೋದೇ ಪೇಜು ಬೇಗ ತೆರೆಯಲಿ ಅಂತ. ಅದನ್ನು ಪದೇ ಪದೇ ಅಳಿಸಿದರೆ ಬ್ರೌಸರ್ ನಿಧಾನ ಆಗುತ್ತದೆ, ಡೇಟಾನೂ ಜಾಸ್ತಿ ಖರ್ಚಾಗುತ್ತದೆ.

ಅದನ್ನಾದರೂ ಸಹಿಸಬಹುದಿತ್ತು. ನನಗೆ ನಿಜವಾಗಿ ಸಿಟ್ಟು ಬಂದದ್ದು ಕುಕೀಗಳ ವಿಷಯದಲ್ಲಿ.

ಕುಕೀ ಅಂದರೆ ನೀವು ಲಾಗಿನ್ ಆಗಿದ್ದೀರಿ ಅನ್ನೋದನ್ನು ಸೈಟು ನೆನಪಿಟ್ಟುಕೊಳ್ಳಲು ಬ್ರೌಸರ್‌ನಲ್ಲಿ ಇಟ್ಟ ಚಿಕ್ಕ ಗುರುತು. ಗಾತ್ರ ನೋಡಿದರೆ ಏನೇನೂ ಅಲ್ಲ, ಎಲ್ಲಾ ಸೇರಿದರೂ ಒಂದು ಫೋಟೋದಷ್ಟು ಜಾಗ ಇರಬಹುದು. ಜಾಗ ಉಳಿಸೋಕೆ ಅದನ್ನು ಅಳಿಸೋದರಲ್ಲಿ ಅರ್ಥವೇ ಇಲ್ಲ. ಆದರೆ ಈ ಕ್ಲೀನರ್‌ನಲ್ಲಿ ಕುಕೀ ಮುಂದೆ ಟಿಕ್ ಗುರುತು ತಾನಾಗೇ ಬಿದ್ದಿರುತ್ತದೆ. ಬಟನ್ ಒತ್ತಿದ ಮೇಲೆ ನೋಡಿದರೆ ಎಲ್ಲ ಕಡೆಯೂ ಲಾಗೌಟ್. ನನಗೆ ಅದು ಹತ್ತು ನಿಮಿಷದ ಕಿರಿಕಿರಿ. ಅಮ್ಮನಿಗೆ ಹಾಗಲ್ಲ. ಅವರ ಮೇಲ್ ಪಾಸ್‌ವರ್ಡ್ ಯಾವುದೋ ಡೈರಿಯಲ್ಲಿ ಬರೆದಿದೆ, ಅದನ್ನು ಹಾಕಿದರೂ ಓಟಿಪಿ ಹೋಗೋದು ಬೇರೆ ಊರಲ್ಲಿರುವ ತಮ್ಮನ ಫೋನಿಗೆ, ಅವನು ಮೀಟಿಂಗ್‌ನಲ್ಲಿದ್ದರೆ ಸಂಜೆವರೆಗೆ ಕಾಯಬೇಕು, ಅಷ್ಟರಲ್ಲಿ ಓಟಿಪಿ ಅವಧಿ ಮುಗಿದು ಮತ್ತೆ ಮೊದಲಿಂದ ಶುರು.

ಸರಿ ಅಂತ ಸೆಟ್ಟಿಂಗ್ ಒಳಗೆ ಹೋಗಿ ಆ ಟಿಕ್ ತೆಗೆದೆ. ಕೆಲವು ವಾರ ಚೆನ್ನಾಗೇ ಇತ್ತು. ಆಮೇಲೆ ಕ್ಲೀನರ್‌ಗೇ ಒಂದು ಅಪ್‌ಡೇಟ್ ಬಂತು, ಟಿಕ್ ಮತ್ತೆ ವಾಪಸ್! ಜೊತೆಗೆ ಕಂಪ್ಯೂಟರ್ ಆನ್ ಆದಾಗಲೇ ತಾನಾಗಿ ಕ್ಲೀನ್ ಮಾಡುವ ಆಯ್ಕೆಯೂ ಆನ್ ಆಗಿತ್ತು. ಅಂದರೆ ಬಟನ್ ಒತ್ತುವ ಮೊದಲು ನೋಡಿಕೊಳ್ಳುವ ಅವಕಾಶವೂ ಹೋಯಿತು. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರ್‌ನಲ್ಲಿ, ನಾನು ಬೇಡ ಅಂತ ಸ್ಪಷ್ಟವಾಗಿ ಹೇಳಿದ್ದನ್ನು ಬದಲಾಯಿಸುವ ಸಾಫ್ಟ್‌ವೇರ್‌ಗೆ ಜಾಗ ಇಲ್ಲ. ಅದು ಎಷ್ಟೇ ಜಿಬಿ ಉಳಿಸಲಿ.

ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗಕ್ಕೆ ರಿಜಿಸ್ಟ್ರಿ ಅಂತಾರೆ. ಈ ಕ್ಲೀನರ್‌ಗಳಲ್ಲಿ ರಿಜಿಸ್ಟ್ರಿ ಕ್ಲೀನಿಂಗ್ ಅಂತ ಇನ್ನೊಂದು ಭಾಗ ಇರುತ್ತದೆ, ನೂರಾರು ದೋಷ ಇದೆ ಅಂತ ಹೆದರಿಸುತ್ತದೆ. ಮುಟ್ಟಬೇಡಿ. ಅದರಿಂದ ಉಳಿಯುವ ಜಾಗ ಲೆಕ್ಕಕ್ಕೇ ಇಲ್ಲ, ಇಂಥ ಕ್ಲೀನರ್ ಬಳಕೆಗೆ ತನ್ನ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟ್ ಕೂಡ ಹೇಳಿದೆ.

ಇನ್ನೊಂದು ವಿಷಯ. ಇಂಥ ಸಾಫ್ಟ್‌ವೇರ್‌ಗೆ ನಾವು ಕಂಪ್ಯೂಟರ್‌ನ ಪೂರ್ತಿ ಅಧಿಕಾರ ಕೊಟ್ಟಿರುತ್ತೇವೆ. 2017ರಲ್ಲಿ ಸಿಕ್ಲೀನರ್ ಅನ್ನೋ ಹೆಸರಾಂತ ಕ್ಲೀನರ್‌ನ 5.33 ಆವೃತ್ತಿಯ ಒಳಗೇ ಯಾರೋ ದುಷ್ಟ ಕೋಡ್ ಸೇರಿಸಿದ್ದರು, ಅದು ಅಧಿಕೃತ ಡೌನ್‌ಲೋಡ್ ಮೂಲಕವೇ ಲಕ್ಷಗಟ್ಟಲೆ ಕಂಪ್ಯೂಟರ್‌ಗಳಿಗೆ ಹೋಗಿತ್ತು. ನಾನು ಕೊಂಡದ್ದು ಅದಲ್ಲ, ಆ ತೊಂದರೆಯನ್ನೂ ಆಗಲೇ ಸರಿಪಡಿಸಿದ್ದರು. ಆದರೂ ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಕ್ಲೀನರ್ ಬೇಕೇ ಬೇಕಾ ಅಂತ ಯೋಚಿಸಲು ಇದೂ ಒಂದು ಕಾರಣ.

ಸ್ಟೋರೇಜ್ ಸೆನ್ಸ್ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಮ್, ಅದರೊಳಗೆ ಸ್ಟೋರೇಜ್. ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ದುಡ್ಡಿಲ್ಲ, ಜಾಹೀರಾತಿಲ್ಲ. ವಿಂಡೋಸ್ ದೊಡ್ಡ ಅಪ್‌ಡೇಟ್ ಆದಾಗ ಹಳೇ ವಿಂಡೋಸ್ ಪೂರ್ತಿಯಾಗಿ ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರ್‌ನಲ್ಲಿ ಕೂತಿರುತ್ತದೆ, ಹತ್ತಾರು ಜಿಬಿ ಇರಬಹುದು. ಸಾಮಾನ್ಯವಾಗಿ 10 ದಿನ ಆದ ಮೇಲೆ ತಾನಾಗೇ ಹೋಗುತ್ತದೆ, ಬೇಗ ಬೇಕಿದ್ದರೆ ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿ ಅದನ್ನು ಆರಿಸಿ ಅಳಿಸಬಹುದು. ಅಳಿಸಿದ ಮೇಲೆ ಹಳೇ ಆವೃತ್ತಿಗೆ ವಾಪಸ್ ಹೋಗೋಕಾಗಲ್ಲ ಅನ್ನೋದು ಗೊತ್ತಿರಲಿ. ಹಾಗೆಯೇ ಇದನ್ನು ಆನ್ ಮಾಡಿದರೆ ರೀಸೈಕಲ್ ಬಿನ್‌ನಲ್ಲಿ 30 ದಿನಕ್ಕಿಂತ ಹಳೆಯದಾದದ್ದನ್ನು ತೆಗೆಯುತ್ತದೆ.

ಒಂದೇ ಎಚ್ಚರಿಕೆ, ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಹೆಸರೂ ಕಾಣುತ್ತದೆ. ಎಲ್ಲಕ್ಕೂ ಟಿಕ್ ಹಾಕಿ ಒತ್ತುವ ಅಭ್ಯಾಸ ಇರುವವರು ದಯವಿಟ್ಟು ನಿಲ್ಲಿ. ನಮ್ಮ ಮನೆಗಳಲ್ಲಿ ಆಧಾರ್ ಪಿಡಿಎಫ್, ಪಹಣಿ, ಮಾರ್ಕ್ಸ್ ಕಾರ್ಡು, ಪಿಎಫ್ ಪಾಸ್‌ಬುಕ್ ಎಲ್ಲಾ ಇರೋದು ಡೌನ್‌ಲೋಡ್ಸ್‌ನಲ್ಲೇ ಅಲ್ವಾ?

ಇಷ್ಟಾದರೂ ಸ್ಟೋರೇಜ್ ಸೆನ್ಸ್‌ಗೆ ಒಂದು ಮಿತಿ ಇದೆ. ಅದು ವಿಂಡೋಸ್ ಮಾಡಿದ ಕಸವನ್ನು ತೆಗೆಯುತ್ತದೆ, ನಾವು ಮಾಡಿದ್ದನ್ನು ಹೆಚ್ಚಾಗಿ ಮುಟ್ಟಲ್ಲ. ಮುಟ್ಟಬಾರದು ಕೂಡ. ಆದರೆ ನಮ್ಮ ಲ್ಯಾಪ್‌ಟಾಪ್ ತುಂಬಿದ್ದು ನಾವು ಮಾಡಿದ್ದರಿಂದಲೇ.

ಇಲ್ಲೇ ವಿಜ್‌ಟ್ರೀ ಗೆಲ್ಲೋದು. ಅದು ತಾನಾಗಿ ಏನನ್ನೂ ಅಳಿಸಲ್ಲ. ಡ್ರೈವ್ ಆರಿಸಿ ಸ್ಕ್ಯಾನ್ ಒತ್ತಿದರೆ ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೋರಿಸುತ್ತದೆ, ಕೆಳಗೆ ಬಣ್ಣದ ಚೌಕಗಳ ನಕ್ಷೆ. ಕೆಲವೇ ಸೆಕೆಂಡು ಸಾಕು. ಕಾರಣ, ಎನ್‌ಟಿಎಫ್‌ಎಸ್ (ವಿಂಡೋಸ್ ಸಾಮಾನ್ಯವಾಗಿ ಫೈಲುಗಳನ್ನು ಜೋಡಿಸಿಡುವ ರೀತಿ) ಡ್ರೈವ್‌ನಲ್ಲಿ ಎಲ್ಲ ಫೈಲುಗಳ ವಿವರ ಮಾಸ್ಟರ್ ಫೈಲ್ ಟೇಬಲ್ ಅನ್ನೋ ಒಂದೇ ಕಡೆ ದಾಖಲಾಗಿರುತ್ತದೆ. ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆದು ನೋಡುವ ಬದಲು ವಿಜ್‌ಟ್ರೀ ನೇರವಾಗಿ ಆ ಟೇಬಲ್ಲನ್ನೇ ಓದುತ್ತದೆ. ಮನೆಯಿಂದ ಮನೆಗೆ ಹೋಗಿ ಎಣಿಸೋದಕ್ಕೂ ಪಂಚಾಯ್ತಿಯ ರಿಜಿಸ್ಟರ್ ತೆರೆದು ನೋಡೋದಕ್ಕೂ ಇರುವ ವ್ಯತ್ಯಾಸ ಅದು. ಇದಕ್ಕೆ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು, ಹಾಗಾಗಿ ತೆರೆದಾಗೆಲ್ಲ ಕೇಳುತ್ತದೆ. ಎಕ್ಸ್‌ಫ್ಯಾಟ್ ಅನ್ನೋ ಬೇರೆ ರೀತಿಯ ಪೆನ್‌ಡ್ರೈವ್‌ಗಳಲ್ಲಿ ಈ ವೇಗ ಸಿಗಲ್ಲ.

ನಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ತೋರಿಸಿದ ದೊಡ್ಡ ತಿಮಿಂಗಿಲ ಯಾವುದು ಅಂದರೆ, ಹಳೇ ಐಫೋನ್‌ನ ಬ್ಯಾಕಪ್. ಐಫೋನನ್ನು ಕಂಪ್ಯೂಟರ್‌ಗೆ ಜೋಡಿಸುವ ಆಪಲ್‌ನ ಐಟ್ಯೂನ್ಸ್ ಅದನ್ನು ಮೊಬೈಲ್‌ಸಿಂಕ್ ಅನ್ನೋ ಫೋಲ್ಡರ್‌ನಲ್ಲಿ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಜಾಗದಲ್ಲಿ ಇಟ್ಟಿರುತ್ತದೆ. ಆ ಫೋನು ಈಗ ಮನೆಯಲ್ಲೇ ಇಲ್ಲ, ಬ್ಯಾಕಪ್ ಮಾತ್ರ ಹಾಗೇ ಕೂತಿತ್ತು. ಕೊಂಡ ಕ್ಲೀನರ್ ಅಷ್ಟು ಕಾಲ ಓಡಿದರೂ ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಐಟ್ಯೂನ್ಸ್ ಒಳಗಿಂದಲೇ ಅಳಿಸಿದೆ, ಅದೇ ಸರಿಯಾದ ದಾರಿ. ಆಮೇಲೆ ಟೆಲಿಗ್ರಾಂ ಡೆಸ್ಕ್‌ಟಾಪ್ ಹೆಸರಿನ ಫೋಲ್ಡರ್, ಡೌನ್‌ಲೋಡ್ಸ್ ಒಳಗೆ, ಯಾರೋ ಕಳಿಸಿದ ಸಿನಿಮಾಗಳ ಸಮೇತ. ಆಮೇಲೆ ಯಾವತ್ತೋ ಮುಗಿದ ಆನ್‌ಲೈನ್ ಕ್ಲಾಸಿನ ರೆಕಾರ್ಡಿಂಗ್‌ಗಳು.

ಕೆಲವು ದೊಡ್ಡ ಫೈಲುಗಳನ್ನು ಕಂಡರೂ ಕೈ ಹಾಕಬಾರದು. ವಿಂಡೋಸ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ತುಂಬಾ ದೊಡ್ಡದಾಗಿ ಕಾಣುತ್ತದೆ. ಅದರ ಎಷ್ಟೋ ಫೈಲುಗಳು ಬೇರೆ ಫೋಲ್ಡರ್‌ಗಳಲ್ಲೂ ಅದೇ ಫೈಲಾಗಿ ಕಾಣಿಸಿಕೊಳ್ಳುವಂಥವು, ಹಾಗಾಗಿ ಕಂಡಷ್ಟು ಜಾಗ ಅದು ನಿಜವಾಗಿ ತಿಂದಿರಲ್ಲ. ಇನ್‌ಸ್ಟಾಲರ್ ಫೋಲ್ಡರ್‌ ಕೂಡ ಮುಟ್ಟುವ ಹಾಗಿಲ್ಲ, ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟೂ ಆಗಲ್ಲ, ತೆಗೆಯೋಕೂ ಆಗಲ್ಲ. ಹೈಬರ್‌ಫಿಲ್ ಅನ್ನೋ ಫೈಲ್ ಹೈಬರ್ನೇಟ್‌ಗಾಗಿ, ಅಂದರೆ ತೆರೆದ ಕೆಲಸವನ್ನು ಡ್ರೈವ್‌ಗೆ ಉಳಿಸಿ ಕಂಪ್ಯೂಟರ್ ಆಫ್ ಮಾಡೋದಕ್ಕಾಗಿ ಇರೋದು, ಸಾಮಾನ್ಯವಾಗಿ ರ‍್ಯಾಮ್‌ನ 40 ಪರ್ಸೆಂಟ್‌ನಷ್ಟು ದೊಡ್ಡದು. 16 ಜಿಬಿ ರ‍್ಯಾಮ್ ಇದ್ದರೆ ಆರು ಜಿಬಿ ಮೇಲೆ. ಹೈಬರ್ನೇಟ್ ಬೇಡದವರು ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಅದನ್ನು ಆಫ್ ಮಾಡಿಸಬಹುದು, ಫೈಲ್ ತಾನೇ ಹೋಗುತ್ತದೆ. ಜೊತೆಗೆ ಕಂಪ್ಯೂಟರ್ ಬೇಗ ಆನ್ ಆಗಿಸುವ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ನಾನು ಆಫ್ ಮಾಡಿಲ್ಲ. ಕರೆಂಟು ಹೋದಾಗ ಬ್ಯಾಟರಿ ಮುಗಿಯುವ ಹೊತ್ತಿಗೆ ಕೆಲಸ ಉಳಿಯೋದು ಅದರಿಂದಲೇ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು, ಇದನ್ನು ಯಾವ ಕ್ಲೀನರೂ ಹೇಳಿಕೊಡಲ್ಲ. ನುಡಿ ಅಥವಾ ಬರಹದ ಹಳೇ ಫಾಂಟ್‌ಗಳಲ್ಲಿ, ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಮುಂಚಿನ ರೀತಿಯಲ್ಲಿ ಟೈಪ್ ಮಾಡಿದ ಫೈಲುಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಫೈಲ್ ಕೆಟ್ಟುಹೋಗಿದೆ ಅಂತ ಅಳಿಸಿಬಿಡುತ್ತಾರೆ. ಕೆಟ್ಟಿರಲ್ಲ! ಫಾಂಟ್ ಹಾಕಿದರೆ ಪೂರ್ತಿ ಓದಬಹುದು, ಯೂನಿಕೋಡ್‌ಗೆ ಬದಲಾಯಿಸಿಯೂ ಇಟ್ಟುಕೊಳ್ಳಬಹುದು. ನಮ್ಮ ಸಂಚಿಕೆಯ ಬರಹಗಳೆಲ್ಲ ಹೀಗೇ ಇವೆ, ಬರೆದವರಲ್ಲಿ ಕೆಲವರು ಈಗ ಇಲ್ಲ. ಈ ಫೈಲುಗಳು ಅಷ್ಟೂ ಸೇರಿ ಒಂದು ಮದುವೆ ವಿಡಿಯೋದ ತುಣುಕಿನಷ್ಟು ಜಾಗ ತಿನ್ನಲ್ಲ. ಸುಮ್ನೆ ಯಾಕೆ ಅಳಿಸಬೇಕು?

ವಿನ್‌ಡಿರ್‌ಸ್ಟಾಟ್ ಕೂಡ ವಿಜ್‌ಟ್ರೀ ಮಾಡುವ ಕೆಲಸವನ್ನೇ ಮಾಡುತ್ತದೆ, ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಅದರ 2007ರ ಆವೃತ್ತಿಯನ್ನೇ ಜನ ತುಂಬಾ ವರ್ಷ ಬಳಸುತ್ತಿದ್ದರು, ಸ್ಕ್ಯಾನ್ ಮುಗಿಯೋದಕ್ಕೆ ಕಾಯಬೇಕಿತ್ತು. ಈಗಿನ ಎರಡನೇ ಆವೃತ್ತಿ ಎಷ್ಟೋ ಚುರುಕು.

ಬ್ಲೀಚ್‌ಬಿಟ್ ಒಳ್ಳೆಯದೇ. ಏನೇನು ಅಳಿಸುತ್ತೇನೆ ಅಂತ ಮೊದಲು ಪ್ರಿವ್ಯೂ ತೋರಿಸುತ್ತದೆ, ಅದು ನನಗೆ ಇಷ್ಟ. ಲಿನಕ್ಸ್‌ನಲ್ಲೂ ಸಿಗುತ್ತದೆ. ಅಳಿಸಿದ್ದು ವಾಪಸ್ ಸಿಗದ ಹಾಗೆ ಖಾಲಿ ಜಾಗವನ್ನು ಒರೆಸುವ ಆಯ್ಕೆ ಮಾತ್ರ ಬೇಡ, ಅದಕ್ಕೆ ಡ್ರೈವ್ ತುಂಬುವಷ್ಟು ಬರೆಯಬೇಕಾಗುತ್ತದೆ, ಎಸ್‌ಎಸ್‌ಡಿಗೆ ಸುಮ್ಮನೆ ಸವೆತ.

ಒಂದೇ ಫೋಟೋ ಎರಡೆರಡು ಕಡೆ ಇರುವ ತೊಂದರೆಗೆ, ನಕಲು ಫೈಲು ಹುಡುಕುವ ಡ್ಯೂಪ್‌ಗುರು ಬಳಸಿದೆ. ಅದರಲ್ಲಿ ಒಂದು ಫೋಲ್ಡರನ್ನು ರೆಫರೆನ್ಸ್ ಅಂತ ಗುರುತು ಮಾಡಿದರೆ ಅದರೊಳಗಿನದನ್ನು ಅಳಿಸಲ್ಲ. ಮೂಲ ಫೋಟೋಗಳ ಫೋಲ್ಡರ್‌ಗೆ ಈ ಗುರುತು ಹಾಕಿ ಶುರು ಮಾಡಿ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಕುಗ್ಗಿಸಿದ್ದಾಗಿರುತ್ತದೆ, ಒಳಗಿನ ಡೇಟಾ ಮೂಲದ ಹಾಗೇ ಇರಲ್ಲ. ಹಾಗಾಗಿ ಅಂಥದ್ದನ್ನು ಹಿಡಿಯೋಕೆ ಚಿತ್ರದ ಹೋಲಿಕೆ ನೋಡುವ ಮೋಡ್ ಬೇಕು, ಅಲ್ಲಿ ಪ್ರತಿಯೊಂದನ್ನೂ ಕಣ್ಣಿಟ್ಟು ನೋಡಿಯೇ ತೆಗೆಯಬೇಕು.

ಯಾವ ಸಾಫ್ಟ್‌ವೇರ್ ಬಳಸಿದರೂ ಒನ್‌ಡ್ರೈವ್, ಅಂದರೆ ಫೈಲುಗಳ ಪ್ರತಿಯನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್ ಸೇವೆ, ಆನ್ ಇದೆಯಾ ನೋಡಿಕೊಳ್ಳಿ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಅದರ ಜೊತೆ ಜೋಡಿಯಾಗಿರುತ್ತವೆ. ಕ್ಲೌಡ್‌ನಲ್ಲಿ ಹೇಗೂ ಇದೆ ಅಂತ ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ. ಜಾಗ ಮಾತ್ರ ಬೇಕಿದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಫ್ರೀ ಅಪ್ ಸ್ಪೇಸ್ ಆರಿಸಿ. ಇನ್ನು ಎಸ್‌ಎಸ್‌ಡಿಯಲ್ಲಿ ರೀಸೈಕಲ್ ಬಿನ್ ಖಾಲಿ ಮಾಡಿದ ಮೇಲೆ ಫೈಲ್ ವಾಪಸ್ ಸಿಗುವ ಆಸೆ ಕಡಿಮೆ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ರಿಕವರಿ ಸಾಫ್ಟ್‌ವೇರ್‌ಗಳಿಂದ ಎಷ್ಟೋ ಸಲ ಸಿಗುತ್ತಿತ್ತು, ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನೋ ವ್ಯವಸ್ಥೆ ಅಳಿಸಿದ ಜಾಗವನ್ನು ನಿಜವಾಗಿಯೇ ಖಾಲಿ ಮಾಡಿಸುತ್ತದೆ. ಅದಕ್ಕೇ ನಾನು ಶಿಫ್ಟ್ ಒತ್ತಿ ಡಿಲೀಟ್ ಮಾಡೋದೇ ಇಲ್ಲ, ಬಿನ್‌ಗೆ ಹಾಕಿ ಒಂದೆರಡು ವಾರ ಬಿಡುತ್ತೇನೆ.

ಈಗ ನಮ್ಮ ಮನೆಯಲ್ಲಿ ಸ್ಟೋರೇಜ್ ಸೆನ್ಸ್ ಯಾವಾಗಲೂ ಆನ್, ಡೌನ್‌ಲೋಡ್ಸ್‌ಗೆ ಮಾತ್ರ ನೆವರ್, ಅಂದರೆ ಯಾವತ್ತೂ ಅಳಿಸಬೇಡ ಅಂತ. ಕೆಂಪು ಗೆರೆ ಬಂದಾಗ ವಿಜ್‌ಟ್ರೀ ತೆರೆದು ಮೇಲಿನ ಹತ್ತು ಸಾಲು ನೋಡುತ್ತೇನೆ, ಬೇಕಾದ ವಿಡಿಯೋಗಳನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಸಾಗಿಸುತ್ತೇನೆ. ಚಂದಾ ಉಳಿದ ದುಡ್ಡು ಆ ಡಿಸ್ಕ್ ಖರ್ಚಿಗೆ ಸೇರಿತು. ಆಫೀಸಿನ ಕಂಪ್ಯೂಟರ್‌ನಲ್ಲಿ ಬಳಸುವವರು ಗಮನಿಸಿ, ವಿಜ್‌ಟ್ರೀ ಪುಕ್ಕಟೆ ಇರೋದು ಸ್ವಂತ ಬಳಕೆಗೆ ಮಾತ್ರ, ವ್ಯಾಪಾರದ ಬಳಕೆಗೆ ಲೈಸೆನ್ಸ್ ಕೊಳ್ಳಬೇಕು. ಅಲ್ಲಿ ನಾನು ವಿನ್‌ಡಿರ್‌ಸ್ಟಾಟನ್ನೇ ಬಳಸುತ್ತೇನೆ.